ತಿರ್ದು, ತಿದ್ದು, ತಿದ್ದಿಕೊ

ಸರ್ಕಾರಿ ಆದೇಶದಲ್ಲಿ ಹೆಸರೋ ತಾರೀಖೋ ತಪ್ಪಿ ಅಚ್ಚಾದರೆ ಅದರ ಬೆನ್ನಿಗೇ ಒಂದು ‘ತಿದ್ದೋಲೆ’ ಹೊರಡುತ್ತದೆ. ಸದನದಲ್ಲಿ ಮಸೂದೆಗೆ ‘ತಿದ್ದುಪಡಿ’ ಸೂಚಿಸುತ್ತಾರೆ. ಅಚ್ಚುಮನೆಯಲ್ಲಿ ಒಬ್ಬರು ಕರಡು ತಿದ್ದುತ್ತ ಕೂತಿರುತ್ತಾರೆ. ಮದುವೆಮನೆಯಲ್ಲಿ ಗಂಡು ಮೀಸೆ ತಿದ್ದಿಕೊಳ್ಳುವ ಹೊತ್ತಿಗೆ ಹೆಣ್ಣಿನ ಹುಬ್ಬನ್ನು ಇನ್ಯಾರೋ ತಿದ್ದುತ್ತಿರುತ್ತಾರೆ. ಸೋದರಮಾವನೊಬ್ಬ ದಾರಿ ತಪ್ಪಿದ ಅಳಿಯನನ್ನು ತಿದ್ದಲು ಹೊರಟು ಸೋತು ಸುಮ್ಮನಾಗುತ್ತಾನೆ. ಗುಮಾಸ್ತನೊಬ್ಬ ಲೆಕ್ಕ ತಿದ್ದಿ ಸಿಕ್ಕಿಬೀಳುತ್ತಾನೆ. ಓಲೆಗೂ ಮೀಸೆಗೂ ಮನುಷ್ಯನಿಗೂ ಒಂದೇ ಕ್ರಿಯಾಪದ ಸಾಲುತ್ತದೆಂದರೆ ನಮ್ಮಂಥ ಪದವ್ಯಸನಿಗಳಿಗೆ ಅದು ಬಿಡಲಾರದ ಬೇಟೆ. ಈ ಧಾತುವಿಗೆ ಕನ್ನಡ ಕ್ರೈಸ್ತರ ಮನೆಗಳಲ್ಲಿ, ಸಭೆಗಳಲ್ಲಿ ಇನ್ನೊಂದು ಬಾಳೂ ಉಂಟು. ವಿಶ್ವಾಸಿಯೊಬ್ಬ ಆತ್ಮಿಕವಾಗಿ ಬೆಳೆಯಬೇಕಾದರೆ ಪ್ರೀತಿಯಿಂದ ಅವನನ್ನು ತಿದ್ದುವವರು ಪಕ್ಕದಲ್ಲಿರಬೇಕು ಎಂಬುದು ಅಲ್ಲಿ ಎಂದೆಂದೂ ಕೇಳಿಬರುವ ಮಾತು. ಆ ತಿದ್ದುವುದು ಯಾವ ಬಗೆಯದು, ಹುಬ್ಬಿನದೋ ಕರಡಿನದೋ ಲೆಕ್ಕದ್ದೋ, ಎಂದು ಪದದ ಹಿಂದೆಯೇ ಹೋಗಿ ನೋಡೋಣ.

ಮೊದಲು ರೂಪ. ಇಂದಿನ ‘ತಿದ್ದು’ ಹಳಗನ್ನಡದಲ್ಲಿ ‘ತಿರ್ದು’. ಪೆರ್ಚು ಹೆಚ್ಚಾದಂತೆ, ಇರ್ದು ಇದ್ದಾದಂತೆ, ಮರ್ದು ಮದ್ದಾದಂತೆ ಇಲ್ಲಿಯೂ ರಕಾರ ಮುಂದಿನ ವ್ಯಂಜನದಲ್ಲಿ ಕರಗಿ ದ್ವಿತ್ವವಾಗಿ ಕೂತಿತು. ತೆಲುಗಿನವರ ‘ದಿದ್ದು’ ಇದೇ ಕುಲದ್ದು, ಆದಿಯ ತಕಾರ ಮಾತ್ರ ಘೋಷವಾಗಿದೆ. ಗುರಜಾಡ ಅಪ್ಪಾರಾವ್ 1910ರಲ್ಲಿ ಬರೆದ ‘ದಿದ್ದುಬಾಟು’ ಕತೆಯಲ್ಲಿ ತಿದ್ದುವವಳು ಹೆಂಡತಿ, ತಿದ್ದಿಸಿಕೊಳ್ಳುವವನು ಗಂಡ ಎಂಬುದನ್ನು ಪ್ರಾಸಂಗಿಕವಾಗಿ ಇಲ್ಲೇ ಹೇಳಿಬಿಡಬಹುದು. ತಮಿಳಿನಲ್ಲಿ ಜೋಡಿ ಧಾತುಗಳಿವೆ: ತಾನೇ ಸರಿಹೋಗುವುದಕ್ಕೆ ‘ತಿರುಂದು’, ಇನ್ನೊಂದನ್ನು ಸರಿಪಡಿಸುವುದಕ್ಕೆ ‘ತಿರುತ್ತು’. ಕನ್ನಡದಲ್ಲಿ ಆ ಅಕರ್ಮಕ ರೂಪ ಬಳಕೆಯಲ್ಲಿ ನಿಲ್ಲಲಿಲ್ಲ. ಅದರ ಕೆಲಸವನ್ನು ನಾವು ‘ಕೊಳ್ಳು’ ಎಂಬ ಸಹಾಯಕ ಕ್ರಿಯೆಯಿಂದ ಮಾಡಿಸಿಕೊಂಡೆವು: ತಿದ್ದಿಕೊ. ಈ ‘ಕೊ’ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ, ಅಲ್ಲಿಯವರೆಗೆ ಮೂಲೆಯಲ್ಲಿರಲಿ.

ಅರ್ಥದ ಮೂಲದಲ್ಲಿರುವುದು ನೇರವಾಗುವುದು, ಓರಣವಾಗುವುದು. ಹಳೆಯ ಕಾವ್ಯಗಳಲ್ಲಿ ಕುರುಳನ್ನು ತಿರ್ದುತ್ತಾರೆ, ತಿಲಕವನ್ನು ತಿರ್ದುತ್ತಾರೆ. ಅಲ್ಲೆಲ್ಲ ತಪ್ಪಿನ ಸುಳಿವೇ ಇಲ್ಲ, ಇರುವ ಚೆಲುವನ್ನೇ ಒಂದಿಷ್ಟು ಒಪ್ಪ ಮಾಡುವುದಷ್ಟೇ. ‘ತಿದ್ದಿ ತೀಡು’ ಎಂಬ ಜೋಡುನುಡಿಯಲ್ಲಿ ಬರುವ ತೀಡು ಕಣ್ಣಿಗೆ ಕಾಡಿಗೆ ತೀಡುವ, ಗಂಧ ತೇಯುವ, ಗಾಳಿ ತೀಡುವ ತೀಡು. ಅದು ಮುಟ್ಟಿ ಸವರುವ ಕೆಲಸ. ಓಲೆಗರಿಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬಿನ್ನಹ ಮಾಡಿಕೊಳ್ಳುವ ಒಂದು ಪರಿಪಾಠವೂ ನಮಗೆ ಗೊತ್ತು: ಅಕ್ಷರ ತಪ್ಪಿದ್ದಲ್ಲಿ ಬಲ್ಲವರು ತಿದ್ದಿ ಓದಿಕೊಳ್ಳಬೇಕು ಎಂದು. ಅಲ್ಲಿ ತಿದ್ದುವುದಕ್ಕೂ ಓದುವುದಕ್ಕೂ ನಡುವೆ ಬಿಡುವೇ ಇಲ್ಲ. ಬಲ್ಲವನು ಗರಿಯನ್ನು ಎಸೆಯುವುದಿಲ್ಲ, ಲಿಪಿಕಾರನನ್ನು ಬೈಯುತ್ತ ಕೂರುವುದಿಲ್ಲ, ಸರಿಪಡಿಸಿಕೊಂಡು ಮುಂದಿನ ಸಾಲಿಗೆ ಹೋಗುತ್ತಾನೆ.

ಎಲ್ಲಕ್ಕಿಂತ ರುಚಿಯಾದ ಬಳಕೆ ‘ಅಕ್ಷರ ತಿದ್ದುವುದು’. ಐಗಳ ಮಠಗಳಲ್ಲಿ ಮರಳ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು, ಆಮೇಲೆ ಸ್ಲೇಟು ಬಂತು. ಮೇಷ್ಟ್ರು ಸ್ಲೇಟಿನ ತುಂಬ ದೊಡ್ಡದಾಗಿ ‘ಅ’ ಬರೆದು ಕೊಡುತ್ತಾರೆ. ಮಗು ಬಳಪ ಹಿಡಿದು ಅದರ ಮೇಲೆಯೇ ಎಳೆಯುತ್ತದೆ. ಎರಡನೆಯ ಸುತ್ತಿಗೆ ಗೆರೆ ದಪ್ಪವಾಗುತ್ತದೆ, ಮೂರನೆಯದಕ್ಕೆ ಬಾಲ ಒಂದು ಕಡೆ ವಾಲುತ್ತದೆ, ಆಮೇಲೆ ಅಕ್ಷರ ಯಾವುದು ಗೀಚು ಯಾವುದು ತಿಳಿಯದೆ ಎಲ್ಲ ಬೆಳ್ಳಗೆ ಮುದ್ದೆಯಾಗುತ್ತದೆ. ಆಗ ಮೇಷ್ಟ್ರು ಒರೆಸಿ ಮತ್ತೆ ಬರೆದು ಕೊಡುತ್ತಾರೆ, ಇಲ್ಲವೇ ಹಿಂದೆ ಬಂದು ಕುಳಿತು ಆ ಪುಟ್ಟ ಮುಷ್ಟಿಯ ಮೇಲೆ ತಮ್ಮ ಕೈಯಿಟ್ಟು ಜೊತೆಗೇ ಎಳೆಯುತ್ತಾರೆ. ಇಲ್ಲಿ ವ್ಯಾಕರಣವನ್ನು ಗಮನಿಸಬೇಕು: ಈ ವಾಕ್ಯದಲ್ಲಿ ತಿದ್ದುವ ಕರ್ತೃ ಮೇಷ್ಟ್ರಲ್ಲ, ಮಗು. ಹಾಗೆ ಮಾದರಿಗಾಗಿ ಮೇಲೆ ಬರೆದುಕೊಟ್ಟ ಸಾಲಿಗೆ ಕನ್ನಡದಲ್ಲಿ ‘ಮೇಲ್ಪಂಕ್ತಿ’ ಎಂದು ಹೆಸರು. ಇಂದು ನಾವು ಮೇಲ್ಪಂಕ್ತಿ ಹಾಕಿಕೊಟ್ಟ ಮಹನೀಯರು ಎಂದು ಸಭೆಗಳಲ್ಲಿ ಹೊಗಳುವಾಗ ಆ ಪಂಕ್ತಿ ಕಾಪಿಪುಸ್ತಕದ್ದೆಂಬುದು ಯಾರ ನೆನಪಿನಲ್ಲೂ ಇರುವುದಿಲ್ಲ.

ಗ್ರೀಕರಲ್ಲೂ ಇಂಥದೇ ಒಂದು ಪದವಿದೆ, ಅದು ಹೊಸ ಒಡಂಬಡಿಕೆಯೊಳಗೆ ಬಂದು ಕೂತಿದೆ. ಪೇತ್ರನ ಮೊದಲನೆಯ ಪತ್ರದ 2ನೆಯ ಅಧ್ಯಾಯದಲ್ಲಿ ಕ್ರಿಸ್ತನು ಬಾಧೆಪಟ್ಟು ನಮಗೊಂದು ಮಾದರಿ ಬಿಟ್ಟುಹೋದನು ಎನ್ನುವಲ್ಲಿ ಮಾದರಿಗೆ ಬಳಸಿರುವುದು ‘ಹುಪೊಗ್ರಮ್ಮೊಸ್’, ಎಂದರೆ ಮಕ್ಕಳು ಅನುಸರಿಸಿ ಬರೆಯಲೆಂದು ಹಾಕಿಕೊಟ್ಟ ಅಕ್ಷರಪಂಕ್ತಿ. ನಮಗೆ ಅದು ಮೇಲಿನ ಪಂಕ್ತಿ, ಅವರಿಗೆ ಅಡಿಯ ಬರಹ. ಮಗು ಅದರ ಮೇಲೆ ಬರೆಯುವುದರಿಂದ ಅಡಿಯದು ಎಂದದ್ದೂ ಸರಿಯೇ. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಮಕ್ಕಳ ಇಂಥ ಪಂಕ್ತಿಗಳ ಕೆಲವು ಮಾದರಿಗಳನ್ನೇ ತನ್ನ ಗ್ರಂಥದಲ್ಲಿ ಎತ್ತಿಕೊಟ್ಟಿದ್ದಾನೆ. ಇನ್ನೂ ಹಿಂದೆ, ಪ್ಲೇಟೋನ ‘ಪ್ರೊತಾಗೊರಸ್’ ಸಂವಾದದಲ್ಲಿ, ಕೈ ಕೂಡದ ಮಕ್ಕಳಿಗೆ ಉಪಾಧ್ಯಾಯ ಗೆರೆ ಎಳೆದುಕೊಟ್ಟು ಅದರಂತೆ ಬರೆಸುವ ಹಾಗೆ ನಗರವು ಪ್ರಜೆಗಳಿಗೆ ಕಾನೂನಿನ ಗೆರೆ ಎಳೆದುಕೊಡುತ್ತದೆ, ಗೆರೆ ದಾಟಿದವರನ್ನು ದಂಡಿಸುತ್ತದೆ, ಆ ದಂಡನೆಗೆ ನೇರಮಾಡುವುದು ಎಂಬರ್ಥದ ಹೆಸರಿದೆ ಎಂಬ ಮಾತು ಬರುತ್ತದೆ. ಅಕ್ಷರ ತಿದ್ದುವುದು, ಮನುಷ್ಯನನ್ನು ತಿದ್ದುವುದು, ನೇರ ಎಂಬ ಮೂಲಾರ್ಥ, ಈ ಮೂರೂ ಕನ್ನಡದಲ್ಲಿ ಒಂದೇ ಧಾತುವಿನಲ್ಲಿವೆ, ಅಲ್ಲಿ ಒಂದೇ ಪುಟದಲ್ಲಿ ಬಂದು ಕೂಡುತ್ತವೆ. ಋಣದ ಮಾತಿಲ್ಲ, ಇದು ಬರೀ ಕಾಕತಾಳೀಯ. ಆದರೂ ಸಂತೋಷಕ್ಕೆ ಅಡ್ಡಿಯೇನು?

ಈಗ ತಿದ್ದುವಿನ ಪಕ್ಕದಲ್ಲೇ ಕೂತ ‘ಶಿಕ್ಷೆ’ಯ ಕಡೆ ತಿರುಗಬೇಕು, ಏಕೆಂದರೆ ಕನ್ನಡ ಬೈಬಲ್ಲಿನಲ್ಲಿ ಈ ಎರಡೂ ಅಕ್ಕಪಕ್ಕದ ಮನೆಯವು. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ 3ನೆಯ ಅಧ್ಯಾಯದಲ್ಲಿ ಶಾಸ್ತ್ರವು ಯಾವುದಕ್ಕೆಲ್ಲ ಉಪಯೋಗ ಎಂದು ಹೇಳುವ ಕಡೆ ‘ತಿದ್ದುಪಾಟು’, ‘ನೀತಿಶಿಕ್ಷೆ’ ಎಂಬೆರಡು ಪದಗಳು ಒಂದರ ಹಿಂದೊಂದು ಬರುತ್ತವೆ. ಸಂಸ್ಕೃತದಲ್ಲಿ ಶಿಕ್ಷಾ ಎಂಬುದು ‘ಶಕ್’ ಧಾತುವಿನ ಇಚ್ಛಾರ್ಥಕ ರೂಪದಿಂದ ಹುಟ್ಟಿದ್ದು; ಶಕ್ತನಾಗಬೇಕೆಂಬ ಬಯಕೆ, ಅದರಿಂದ ಕಲಿಕೆ. ಆರು ವೇದಾಂಗಗಳಲ್ಲಿ ಒಂದಾದ ಶಿಕ್ಷೆಯೆಂದರೆ ವರ್ಣ, ಸ್ವರ, ಮಾತ್ರೆಗಳ ಶುದ್ಧ ಉಚ್ಚಾರಣೆಯ ಶಾಸ್ತ್ರ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿ ಅಲ್ಲಿಂದಲೇ ಆರಂಭವಾಗಿ, ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತಿನವರೆಗೆ ಬೆಳೆಯುತ್ತದೆ. ನಮ್ಮಲ್ಲಿಯ ಒಳ್ಳೆಯ ನಡತೆಗಳನ್ನಷ್ಟೇ ಅನುಸರಿಸು, ಉಳಿದವನ್ನು ಬಿಡು ಎಂದು ಗುರುವೇ ಅಲ್ಲಿ ತನ್ನನ್ನು ಶಿಷ್ಯನ ವಿವೇಕಕ್ಕೆ ಒಪ್ಪಿಸಿಕೊಳ್ಳುತ್ತಾನೆ. ಗಜಶಿಕ್ಷೆ, ಅಶ್ವಶಿಕ್ಷೆಗಳಲ್ಲಿ ಶಿಕ್ಷೆಯೆಂದರೆ ಪಳಗಿಸುವುದು. ಅಂಕುಶ ಅಲ್ಲಿಗೇ ಬಂತು. ಆಮೇಲೆ ರಾಜನ ಕೈಗೆ ಬಂದು ‘ದುಷ್ಟಶಿಕ್ಷಣ, ಶಿಷ್ಟರಕ್ಷಣ’ ಆಯಿತು. ಇಂದಿನ ಕಿವಿಗೆ ಇದು ದುಷ್ಟರಿಗೆ ಪಾಠ ಹೇಳುವ ಯೋಜನೆಯೆಂದು ಕೇಳಿಸಿದರೆ ಕಿವಿಯ ತಪ್ಪಲ್ಲ. ಕ್ರಮೇಣ ಕನ್ನಡದಲ್ಲಿ ಮನೆ ಪಾಲಾಯಿತು: ಶಿಕ್ಷಣ, ಶಿಕ್ಷಕ, ಸುಶಿಕ್ಷಿತ ಶಾಲೆಗೆ, ಶಿಕ್ಷೆ, ಶಿಕ್ಷಾರ್ಹ ನ್ಯಾಯಾಲಯಕ್ಕೆ. ಮರಾಠಿಯಲ್ಲೂ ಹೀಗೆಯೇ. ಹಿಂದಿಯಲ್ಲಿ ಮಾತ್ರ ಶಿಕ್ಷಾ ಇನ್ನೂ ಕಲಿಕೆಯೇ ಆಗಿರುವುದರಿಂದ ‘ಶಿಕ್ಷಾ ಮಂತ್ರಾಲಯ’ ಎಂಬ ಫಲಕ ಕನ್ನಡಿಗನನ್ನು ಒಂದು ಗಳಿಗೆ ಬೆಚ್ಚಿಸುತ್ತದೆ.

ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ದುಡಿದು 1831ರಲ್ಲಿ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದು ಮುಗಿಸಿದ ಮೇಲೆ, ಬಾಸೆಲ್ ಮಿಶನ್ನಿನ ವೈಗಲ್ ಮುಂತಾದವರು ಅದನ್ನು ಮತ್ತೆ ಮತ್ತೆ ತಿದ್ದಿದರು, ಅದೂ ತಿದ್ದುಪಾಟೇ. ಆ ಬೈಬಲ್ಲಿನಲ್ಲಿ ದೇವರು ತಾನು ಪ್ರೀತಿಸುವವರನ್ನು ಶಿಕ್ಷಿಸುತ್ತಾನೆಂಬ ಭಾವ ಜ್ಞಾನೋಕ್ತಿಗಳಲ್ಲೂ ಇಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲೂ ಬರುವಾಗ, ಕೋರ್ಟಿನ ಶಿಕ್ಷೆಯನ್ನಷ್ಟೇ ಬಲ್ಲ ಇಂದಿನ ಓದುಗನಿಗೆ ದೇವರು ಜಡ್ಜಿಯಂತೆ ಕಾಣುತ್ತಾನೆ. ಪತ್ರ ಬರೆದವನ ಮನಸ್ಸಿನಲ್ಲಿದ್ದದ್ದು ಮಗನನ್ನು ಬೆಳೆಸುವ ತಂದೆ. ಮೂಲದಲ್ಲೂ ಈ ತೊಡಕು ಇದ್ದದ್ದೇ. ಹೀಬ್ರೂವಿನ ‘ಮೂಸಾರ್’ ಎಂಬುದು ಬೆತ್ತವನ್ನೂ ಬುದ್ಧಿಯನ್ನೂ ಒಟ್ಟಿಗೆ ಹಿಡಿದ ಪದ. ಅದನ್ನು ಗ್ರೀಕಿಗೆ ತಂದ ಯೆಹೂದಿ ಪಂಡಿತರು ‘ಪೈದೇಯ’ ಎಂದರು. ಪೈದೇಯ ಅದುವರೆಗೆ ಅಥೆನ್ಸಿನವರ ನಾಜೂಕಿನ ಪದ, ಮಗುವನ್ನು ಸಂಸ್ಕಾರವಂತ ನಾಗರಿಕನನ್ನಾಗಿ ಬೆಳೆಸುವ ಸಂಗೀತ, ವ್ಯಾಯಾಮ, ಕಾವ್ಯಪಾಠಗಳೆಲ್ಲ ಅದರೊಳಗೆ. ಮೂಸಾರಿನ ಜೊತೆ ಬಾಳುವೆ ಮಾಡಿದ ಮೇಲೆ ಅದರ ಕೈಗೂ ಬೆತ್ತ ಬಂತು. ಲೂಕನೊಬ್ಬನ ಬರಹವನ್ನೇ ನೋಡಿ: ಪೌಲನು ಗಮಲಿಯೇಲನ ಪಾದಸನ್ನಿಧಿಯಲ್ಲಿ ವಿದ್ಯೆ ಕಲಿತೆನೆಂದು ಹೇಳಿಕೊಳ್ಳುವಾಗ ಬರುವುದೂ, ಪಿಲಾತನು ಯೇಸುವನ್ನು ಹೊಡೆಸಿ ಬಿಟ್ಟುಬಿಡುತ್ತೇನೆ ಎನ್ನುವಾಗ ಬರುವುದೂ ಒಂದೇ ಕ್ರಿಯಾಪದ. ಒಂದು ಕಡೆ ಶಿಕ್ಷಣ, ಇನ್ನೊಂದು ಕಡೆ ಶಿಕ್ಷೆ. ನಾವು ಮನೆ ಪಾಲು ಮಾಡಿಕೊಂಡೆವು, ಲೂಕನ ಗ್ರೀಕು ಅವಿಭಕ್ತ ಕುಟುಂಬವಾಗಿಯೇ ಉಳಿಯಿತು.

ಹಾಗಾದರೆ ‘ತಿದ್ದುಪಾಟು’ ಎಂದು ಕನ್ನಡಿಸಿದ ಪದ ಯಾವುದು? ‘ಎಪನೋರ್ಥೋಸಿಸ್’. ಬಿದ್ದದ್ದನ್ನು, ವಾಲಿದ್ದನ್ನು ಮತ್ತೆ ನೆಟ್ಟಗೆ ನಿಲ್ಲಿಸುವುದು. ನಡುವಿನ ‘ಒರ್ಥೋ’ ಎಂದರೆ ನೇರ; ಮೂಳೆಯ ಡಾಕ್ಟರನ್ನು ನಾವು ಆರ್ಥೋ ಡಾಕ್ಟರು ಎನ್ನುವಾಗ ಬಾಯಿಗೆ ಬರುವುದೂ ಇದೇ. ಲ್ಯಾಟಿನ್ನಿನ ‘ಕೊರ್ರೆಕ್ತಿಯೊ’ ಸಹ ನೇರವಾಗಿ ನಡೆಸು ಎಂಬ ಧಾತುವಿನದು, ಅಳತೆಪಟ್ಟಿಯ ‘ರೆಗುಲ’ ಅದರ ದಾಯಾದಿ. ಅಂದರೆ ‘ತಿರ್ದು’ವಿನ ಹಳೆಯ ಅರ್ಥ ಇಲ್ಲಿ ಕೂದಲೆಳೆಯಷ್ಟೂ ಆಚೀಚೆಯಾಗದೆ ಹೊಂದಿಕೂತಿದೆ. ಹ್ಯಾಂಡ್ಸರೋ ಆಮೇಲೆ ತಿದ್ದಿದವರೋ ಅವರ ಪಕ್ಕದಲ್ಲಿ ಕೂತು ಪದ ಹೇಳಿಕೊಟ್ಟ ಪಂಡಿತರೋ, ಇದನ್ನು ಆರಿಸಿದವರ ಕಿವಿ ಚುರುಕಾದದ್ದು. ಬಾಲಕ್ಕೆ ಅಂಟಿದ ‘ಪಾಟು’ ಕೂಡ ಸುಮ್ಮನೆ ಬಂದದ್ದಲ್ಲ. ಏರ್ಪಾಟು, ಮಾರ್ಪಾಟುಗಳಲ್ಲಿರುವಂತೆ ಇದು ‘ಪಡು’ ಧಾತುವಿನದು. ತಿದ್ದುಪಡಿಯ ‘ಪಡಿ’ಯೂ ಅದೇ. ಅವಳಿಗಳಲ್ಲಿ ಒಬ್ಬ ಕಾನೂನಿಗೆ ಹೋದ, ಇನ್ನೊಬ್ಬ ವೇದಪುಸ್ತಕಕ್ಕೆ. ಇಬ್ಬರೊಳಗೂ ಪಡುವವನೊಬ್ಬ ಅಡಗಿದ್ದಾನೆ.

ಗಲಾತ್ಯದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದ ಆರಂಭದಲ್ಲಿ, ತಪ್ಪಿನಲ್ಲಿ ಸಿಕ್ಕಿಬಿದ್ದ ಸಹೋದರನನ್ನು ಸೌಮ್ಯತೆಯಿಂದ ಸರಿಮಾಡಿ, ನೀವೂ ಜಾರದಂತೆ ನಿಮ್ಮ ಮೇಲೆ ಕಣ್ಣಿಡಿ ಎಂಬರ್ಥದಲ್ಲಿ ಪೌಲ ಬರೆಯುವಾಗ ಬಳಸುವ ಕ್ರಿಯೆ ಇನ್ನೂ ಸೊಗಸಿನದು: ‘ಕತಾರ್ತಿಜೋ’. ಗ್ರೀಕ್ ವೈದ್ಯರಲ್ಲಿ ಇದು ಕೀಲು ತಪ್ಪಿದ ಮೂಳೆಯನ್ನು ಕೂಡಿಸುವುದಕ್ಕೆ ಬಳಕೆಯ ಮಾತು; ಸುವಾರ್ತೆಯಲ್ಲಿ ಜೆಬೆದಾಯನ ಮಕ್ಕಳಾದ ಯಾಕೋಬ ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು ಎನ್ನುವಲ್ಲಿಯೂ ಇದೇ. ಬಲೆ ಕಟ್ಟುವವರ ಕೈಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಹರಿದ ಕಣ್ಣಿಗೆ ಬಟ್ಟೆಗೆ ಹಾಕಿದಂತೆ ತೇಪೆ ಹಾಕಲು ಬರುವುದಿಲ್ಲ. ಸುತ್ತ ಹರಿಯದೆ ಉಳಿದ ಕಣ್ಣುಗಳಿಂದಲೇ ದಾರ ಹಿಡಿದು, ಅದೇ ಅಳತೆಗೆ ಒಂದೊಂದೇ ಗಂಟು ಹಾಕುತ್ತ, ತೂತು ಮುಚ್ಚುವವರೆಗೆ ಬಲೆಯನ್ನು ತೊಡೆಯ ಮೇಲೆ ಎಳೆದುಕೊಂಡೇ ಇರಬೇಕು. ಪೌಲನ ಪದದಲ್ಲಿ ಆ ತೊಡೆಯ ಭಾರವೂ ಇದೆ. ಮರುವಾಕ್ಯದಲ್ಲೇ ಅವನು ಒಬ್ಬರ ಭಾರವನ್ನೊಬ್ಬರು ಹೊರುವ ಮಾತಿಗೆ ಹೋಗುತ್ತಾನೆ.

ಈ ಹೊಣೆಯ ಬೇರು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿದೆ. ಸಹೋದರನನ್ನು ಮನಸ್ಸಿನಲ್ಲಿ ಹಗೆಮಾಡಬೇಡ, ನೆರೆಯವನ ತಪ್ಪನ್ನು ಅವನಿಗೇ ಹೇಳು ಎಂಬ ವಿಧಿ 17ನೆಯ ವಚನದಲ್ಲಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬುದು 18ರಲ್ಲಿ. ಜಗತ್ತು 18ನ್ನು ಬಾಯಿಪಾಠ ಮಾಡಿ 17ನ್ನು ಬಿಟ್ಟಿತು. ಹೇಳು ಎನ್ನುವಲ್ಲಿ ಹೀಬ್ರೂ ಒಂದೇ ಧಾತುವನ್ನು ಎರಡು ಸಲ ಹಾಕುತ್ತದೆ, ನಮ್ಮ ‘ಹೇಳಿಯೇ ಹೇಳು’, ‘ಬಂದೇ ಬಾ’ ಇದ್ದಂತೆ. ತಾಲ್ಮೂದಿನ ಪಂಡಿತರು ಆ ದ್ವಿರುಕ್ತಿಯನ್ನು ಹಿಡಿದುಕೊಂಡು 100 ಸಲವಾದರೂ ಹೇಳಬೇಕು, ಗುರು ಶಿಷ್ಯನಿಗಷ್ಟೇ ಅಲ್ಲ ಶಿಷ್ಯನೂ ಗುರುವಿಗೆ ಹೇಳಬೇಕು ಎಂದು ಅರ್ಥ ಹಚ್ಚಿದರು. ಇನ್ನೊಂದೆಡೆ ಈ ಕಾಲದಲ್ಲಿ ಹೇಳಿಸಿಕೊಳ್ಳುವವರಿದ್ದಾರೆಯೇ ಎಂದು ಒಬ್ಬ ರಬ್ಬಿ ಸಂಶಯಪಟ್ಟರೆ, ಹೇಳುವ ರೀತಿ ಬಲ್ಲವರಿದ್ದಾರೆಯೇ ಎಂದು ಇನ್ನೊಬ್ಬ ಸಂಶಯಪಡುತ್ತಾನೆ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯ ಇದರ ಮುಂದಿನ ಕೊಂಡಿ: ಮೊದಲು ಅವನೂ ನೀನೂ ಇಬ್ಬರೇ ಇರುವಾಗ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಆಗಲೂ ಕೇಳದಿದ್ದರೆ ಸಭೆಗೆ. ಮಾತು ಕೇಳಿದರೆ ಸಹೋದರನನ್ನು ಗಳಿಸಿದೆ ಎನ್ನುವಲ್ಲಿ ಗಳಿಕೆಗೆ ಬಂದಿರುವುದು ಗ್ರೀಕ್ ವರ್ತಕರ ಲಾಭದ ಕ್ರಿಯಾಪದ. ತೆರಿಗೆ ವಸೂಲಿಯ ಕಟ್ಟೆಯಿಂದ ಎದ್ದು ಬಂದವನೆಂದು ಹೆಸರಾದ ಮತ್ತಾಯನ ಸುವಾರ್ತೆಯಲ್ಲಿ ಅದು ಒಪ್ಪುತ್ತದೆ.

‘ಬುದ್ಧಿ ಹೇಳು’ ಎಂಬ ನಮ್ಮ ಮನೆಮಾತಿನ ಪದಗುಚ್ಛಕ್ಕೂ ಅಲ್ಲೊಂದು ಜೊತೆಯಿದೆ: ‘ನುಥೆಸಿಯ’, ಮನಸ್ಸು ಎಂಬುದಕ್ಕೆ ಇಡು ಎಂಬ ಧಾತು ಸೇರಿ ಆದದ್ದು, ಬುದ್ಧಿಯನ್ನು ಒಳಗೆ ಇಡುವುದು. ಬುದ್ಧಿ ಹೇಳುವುದಕ್ಕೂ ಬುದ್ಧಿ ಕಲಿಸುವುದಕ್ಕೂ ಇರುವ ಅಂತರ ಕನ್ನಡ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮೊದಲನೆಯದನ್ನು ಅಜ್ಜಿ ಮಾಡುತ್ತಾಳೆ, ಎರಡನೆಯದನ್ನು ‘ಇರು, ತಕ್ಕ ಬುದ್ಧಿ ಕಲಿಸ್ತೀನಿ’ ಎನ್ನುವವನು. ಹಳೇ ಮೈಸೂರು ಕಡೆ ‘ಬುದ್ಧೀ’ ಎಂಬುದು ಜಮೀನ್ದಾರರನ್ನೂ ಮಠದ ಸ್ವಾಮಿಗಳನ್ನೂ ಕರೆಯುವ ಸಂಬೋಧನೆಯಾಯಿತೆಂಬುದನ್ನು ನೋಡಿದರೆ, ಬುದ್ಧಿ ಹೇಳುವ ಹಕ್ಕು ಯಾರ ಬಳಿ ಶೇಖರವಾಯಿತೆಂಬ ಊರ ಚರಿತ್ರೆಯೇ ಆ ಒಂದು ದೀರ್ಘಸ್ವರದಲ್ಲಿದೆ. ಪೌಲನು ಎಫೆಸದ ಹಿರಿಯರಿಗೆ ವಿದಾಯ ಹೇಳುವಾಗ, ಮೂರು ವರ್ಷ ಹಗಲೂ ಇರುಳೂ ಕಣ್ಣೀರಿಟ್ಟು ಒಬ್ಬೊಬ್ಬರಿಗೂ ಬುದ್ಧಿ ಹೇಳಿದ್ದನ್ನು ನೆನಪಿಸುತ್ತಾನೆ; ಅದು ಈ ಪದವೇ, ಕಣ್ಣೀರು ಹೇಳುವವನದು. ಮೊದಲ ಶತಮಾನದ ಕೊನೆಗೆ ರೋಮಿನ ಸಭೆ ಜಗಳವಾಡುತ್ತಿದ್ದ ಕೊರಿಂಥದ ಸಭೆಗೆ ಬರೆದ, ಕ್ಲೆಮೆಂಟನ ಹೆಸರಿನಲ್ಲಿ ಉಳಿದುಬಂದ ಪತ್ರದಲ್ಲಿ, ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವ ನುಥೆಸಿಯ ಒಳ್ಳೆಯದು, ಬಹಳ ಪ್ರಯೋಜನದ್ದು ಎಂಬರ್ಥದ ಮಾತು ಬರುತ್ತದೆ. ‘ನಾವು, ಒಬ್ಬರಿಗೊಬ್ಬರು’ ಎಂಬ ಸರ್ವನಾಮಗಳ ಮೇಲೆ ಬೆರಳಿಟ್ಟು ಓದಬೇಕಾದ ಕಡೆ ಅದು.

ಪದಕ್ಕೆ ಕೆಟ್ಟ ಬಾಳೂ ಉಂಟೆಂಬುದನ್ನು ಮುಚ್ಚಿಡಬಾರದು. ಅಂಕಪಟ್ಟಿ ತಿದ್ದುವುದು, ದಾಖಲೆ ತಿದ್ದುವುದು, ಉಯಿಲಿನ ಸೊನ್ನೆ ತಿದ್ದುವುದು. ಇರುವ ಗೆರೆಯ ಮೇಲೇ ಗೆರೆ ಎಳೆಯುವ ಅದೇ ಕೈಚಳಕ, ಎಳೆಯುವವನ ಲಾಭಕ್ಕಾಗಿ. ಸಭೆಗಳಲ್ಲೂ ಇಂಥ ತಿದ್ದುವಿಕೆ ನಡೆಯುತ್ತದೆ: ಇನ್ನೊಬ್ಬನ ಬಾಳಿನ ಸೊನ್ನೆಗಳನ್ನು ತನ್ನ ಲೆಕ್ಕ ಕೂಡುವ ಹಾಗೆ ತಿದ್ದುವ ಹಿರಿಯರು, ಗುಂಪಿನೆದುರು ಒಬ್ಬ ಹುಡುಗಿಯನ್ನು ನಿಲ್ಲಿಸಿ ಅವಳ ಉಡುಪನ್ನು ತಿದ್ದುವವರು. ಅದಕ್ಕೆ ಕನ್ನಡದಲ್ಲಿ ಬೇರೆಯೇ ಕ್ರಿಯಾಪದವಿದೆ, ‘ಬಗ್ಗಿಸು’. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಮಕ್ಕಳ ವಿಷಯದಲ್ಲಿ ನಾವು ಎಗ್ಗಿಲ್ಲದೆ ಬಳಸುತ್ತೇವೆ. ಬಗ್ಗಿಸುವುದೂ ತಿದ್ದುವುದೂ ದಿಕ್ಕಿನಲ್ಲೇ ಎದುರುಬದುರು, ಒಂದು ನೇರವಾದದ್ದನ್ನು ಡೊಂಕು ಮಾಡುತ್ತದೆ, ಇನ್ನೊಂದು ಡೊಂಕಾದದ್ದನ್ನು ನೇರ. ಡೊಂಕು ಎಂದೊಡನೆ ನಮ್ಮ ಓದುಗರ ಬಾಯಿಗೆ ಬಸವಣ್ಣನವರ ವಚನ ಬಂದೇ ಬಂದಿರುತ್ತದೆ. 12ನೆಯ ಶತಮಾನದ ಆ ವಚನ ಲೋಕದ ಡೊಂಕನ್ನು ತಿದ್ದಹೊರಟವರನ್ನು ತಡೆದು, ತಮ್ಮ ತಮ್ಮ ತನುವನ್ನೂ ಮನವನ್ನೂ ಸಂತೈಸಿಕೊಳ್ಳಲು ಹೇಳುತ್ತದೆ. ಬೆಟ್ಟದ ಪ್ರಸಂಗದಲ್ಲಿ ಯೇಸು ಸಹೋದರನ ಕಣ್ಣಿನ ರವೆಯನ್ನೂ ತನ್ನ ಕಣ್ಣಿನ ತೊಲೆಯನ್ನೂ ಹೋಲಿಸಿದ್ದು ಇದರ ನೆರೆಯಲ್ಲೇ ನಿಲ್ಲುವಂಥದು. ಜನ ಆ ಮಾತನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ, ಇನ್ನೊಬ್ಬರ ತಂಟೆಗೆ ಹೋಗಬೇಡ ಎಂದು. ಅದು ಅಲ್ಲಿಗೆ ಮುಗಿಯುವುದಿಲ್ಲ: ತೊಲೆ ತೆಗೆದ ಮೇಲೆ ಕಣ್ಣು ತಿಳಿಯಾಗಿ ಸಹೋದರನ ರವೆಯನ್ನು ತೆಗೆಯಲಾಗುತ್ತದೆ ಎಂಬುದು ಅದರ ಕೊನೆ. ರವೆಯಿದ್ದ ಕಣ್ಣು ಉರಿಯುತ್ತಲೇ ಇರಲಿ ಎಂದು ಬಿಡುವುದೂ ಪ್ರೀತಿಯಲ್ಲವಷ್ಟೆ.

ಇದನ್ನು ದಿನಚರಿಗೆ ಇಳಿಸಿದವರು ಸನ್ಯಾಸಿಗಳು. ಮೊಂತೆ ಕಸ್ಸಿನೊದ ಬೆನೆಡಿಕ್ಟ್ 6ನೆಯ ಶತಮಾನದಲ್ಲಿ ಬರೆದ ನಿಯಮಾವಳಿಯ 23ನೆಯ ಅಧ್ಯಾಯ ಮತ್ತಾಯನ ಮೆಟ್ಟಿಲುಗಳನ್ನೇ ಹಿಡಿಯುತ್ತದೆ, ಮೊದಲು ಎರಡು ಸಲ ಗುಟ್ಟಾಗಿ, ಆಮೇಲೆ ಎಲ್ಲರೆದುರು, ಆಮೇಲೆ ಬಹಿಷ್ಕಾರ. ತುಕ್ಕನ್ನು ಅತಿಯಾಗಿ ಉಜ್ಜಲು ಹೋಗಿ ಪಾತ್ರೆಯನ್ನೇ ಒಡೆಯಬಾರದೆಂದು ಮಠಾಧಿಪತಿಗೆ ಎಚ್ಚರಿಕೆಯೂ ಮುಂದೆ ಬರುತ್ತದೆ. ನಮ್ಮನ್ನು ಸೆಳೆಯುವುದು 27ನೆಯ ಅಧ್ಯಾಯದ ಒಂದು ವಿಚಿತ್ರ ಪದ, ‘ಸೆನ್‌ಪೆಕ್ತೇ’. ಬಹಿಷ್ಕಾರಕ್ಕೆ ಒಳಗಾಗಿ ಕುಗ್ಗಿದ ಸೋದರನ ಬಳಿಗೆ ಮಠಾಧಿಪತಿ ಇವರನ್ನು ಸದ್ದಿಲ್ಲದೆ ಕಳಿಸಬೇಕು, ಇವರು ಅವನನ್ನು ಸಂತೈಸಿ, ದುಃಖದಲ್ಲಿ ಮುಳುಗದಂತೆ ನೋಡಿಕೊಂಡು, ತಗ್ಗಿ ನಡೆಯಲು ಒಲಿಸಬೇಕು. ಬೆನೆಡಿಕ್ಟನೇ ಪಕ್ಕದಲ್ಲಿ ಅರ್ಥ ಕೊಟ್ಟಿದ್ದಾನೆ, ವಿವೇಕಿಗಳಾದ ಹಿರಿಯ ಸಹೋದರರು ಎಂದು. ಪದದ ಮೂಲದ ಬಗ್ಗೆ ಪಂಡಿತರಲ್ಲಿ ಜಗಳವಿದೆ. ಜೊತೆಗೆ ಆಡುವವನು, ಆಟದ ಗೆಳೆಯ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದೆಂಬುದು ಒಂದು ಪಕ್ಷ. ನನ್ನ ಒಲವೂ ಆ ಪಕ್ಷಕ್ಕೇ. ಶಿಕ್ಷೆ ಕೊಟ್ಟವನ ಕೈಯಿಂದಲೇ ಹೊರಟು ಹಿತ್ತಲ ಬಾಗಿಲಿಂದ ಬರುವ ಮುದುಕರಿಗೆ ಆಟದ ಗೆಳೆಯರೆಂಬ ಹೆಸರು ಸಲ್ಲುತ್ತದೆ.

13ನೆಯ ಶತಮಾನದಲ್ಲಿ ತೋಮಸ್ ಅಕ್ವೈನಸ್ ತನ್ನ ‘ಸುಮ್ಮ’ದಲ್ಲಿ ಸೋದರತಿದ್ದುವಿಕೆಗೆಂದೇ ಒಂದು ಪ್ರಶ್ನೆಯನ್ನು ಮೀಸಲಿಟ್ಟು ಅದನ್ನು 8 ಕವಲುಗಳಲ್ಲಿ ವಿಚಾರಿಸಿದ. ಅವನ ವಿಂಗಡಣೆ ನಮ್ಮ ಎರಡು ಕನ್ನಡ ಪದಗಳ ವಿಂಗಡಣೆಗೆ ಬಲು ಹತ್ತಿರ: ಸಮುದಾಯದ ಹಿತಕ್ಕಾಗಿ ದಂಡಿಸುವುದು ನ್ಯಾಯದ ಕೆಲಸ, ಅದು ಅಧಿಕಾರಿಗೆ ಸೇರಿದ್ದು; ತಪ್ಪಿದವನ ಹಿತಕ್ಕಾಗಿಯೇ ತಿದ್ದುವುದು ಪ್ರೀತಿಯ ಕೆಲಸ, ದಾನವಿದ್ದ ಹಾಗೆ, ಅದು ಎಲ್ಲರಿಗೂ ಸೇರಿದ್ದು. ಆದ್ದರಿಂದ ಕಿರಿಯನೂ ಹಿರಿಯನನ್ನು ಮರ್ಯಾದೆ ಬಿಡದೆ ತಿದ್ದಬಹುದು. ತಿದ್ದಿದರೆ ಅವನು ಇನ್ನಷ್ಟು ಕೆಡುತ್ತಾನೆಂದು ಕಂಡರೆ ಸುಮ್ಮನಿರುವುದೇ ಸರಿ.

ಮೂಲೆಯಲ್ಲಿಟ್ಟ ‘ಕೊ’ವನ್ನು ಈಗ ಎತ್ತಿಕೊಳ್ಳೋಣ. ಕೊಳ್ಳು ಎಂದರೆ ಪಡೆ, ಸ್ವೀಕರಿಸು. ಮೌಲ್ಯ ತೆತ್ತು ತೆಗೆದುಕೊಳ್ಳುವ ಅಂಗಡಿಯ ಕೊಳ್ಳುವೂ ಇದೇ. ‘ಅವನನ್ನು ತಿದ್ದಿದೆ’ ಎಂದು ಎಷ್ಟು ಸಲ ಹೇಳಿದರೂ ಅವನು ‘ತಿದ್ದಿಕೊಂಡ’ ಎನ್ನುವವರೆಗೆ ಕನ್ನಡ ವಾಕ್ಯ ಅರೆಬರೆಯೇ. ಕ್ರೈಸ್ತ ಪರಂಪರೆಯಲ್ಲಿ ಇದರ ಹೆಸರಾಂತ ಪ್ರಸಂಗ ಅಂತಿಯೋಕ್ಯದ್ದು: ಯೆಹೂದ್ಯರಲ್ಲದವರ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದ ಪೇತ್ರ, ಯೆರೂಸಲೇಮಿನ ಕಡೆಯವರು ಬಂದೊಡನೆ ಅಂಜಿ ಎದ್ದುಹೋಗಲು, ಪೌಲ ಎಲ್ಲರೆದುರೇ ಅವನನ್ನು ಎದುರಿಸಿದ. ಗಲಾತ್ಯ ಪತ್ರದ 2ನೆಯ ಅಧ್ಯಾಯ ಇದನ್ನು ಪೌಲನ ಬಾಯಲ್ಲೇ ಹೇಳಿ, ಪೇತ್ರ ಏನೆಂದನೆಂಬುದನ್ನು ಹೇಳದೆ ಬಿಟ್ಟಿದೆ. ಬೆತ್ಲೆಹೇಮಿನಲ್ಲಿದ್ದ ಮಹಾವಿದ್ವಾಂಸ ಜೆರೋಮ, ಅಪೊಸ್ತಲರಿಬ್ಬರೂ ಕೂಡಿ ಆಡಿದ ಜಾಣ ನಾಟಕವದು ಎಂದು ವ್ಯಾಖ್ಯಾನ ಬರೆದ. ವಯಸ್ಸಿನಲ್ಲಿ ಕಿರಿಯನಾದ, ಹಿಪ್ಪೋ ಊರಿನ ಅಗಸ್ಟೀನನಿಗೆ ಇದು ಒಪ್ಪಿಗೆಯಾಗಲಿಲ್ಲ. ಶಾಸ್ತ್ರದೊಳಗೆ ಒಂದು ಸುಳ್ಳಿಗೆ ಜಾಗ ಕೊಟ್ಟಂತಾಯಿತು, ನಿಮ್ಮ ಮಾತನ್ನು ಹಿಂತೆಗೆದುಕೊಳ್ಳಿ ಎಂದು ಪತ್ರ ಬರೆದ. ಆದದ್ದೇನೆಂದರೆ ಆ ಪತ್ರ ದಾರಿ ತಪ್ಪಿತು. ಜೆರೋಮನ ಕೈ ಸೇರುವ ಮೊದಲೇ ಅದರ ನಕಲುಗಳು ರೋಮಿನಲ್ಲೂ ಬೇರೆಡೆಯೂ ಓಡಾಡತೊಡಗಿದವು. ಇಬ್ಬರೇ ಇರುವಾಗ ಹೇಳು ಎಂಬ ಮೊದಲ ಮೆಟ್ಟಿಲೇ ಹೀಗೆ ಅಂಚೆಯಲ್ಲಿ ಮುರಿದುಹೋಯಿತು. ಹೆಸರು ಮಾಡಲು ಹೊರಟ ಹುಡುಗನ ಕೆಲಸವಿದು ಎಂಬ ಗುಮಾನಿ ಜೆರೋಮನಿಗೆ; ಅವನ ಉತ್ತರಗಳಲ್ಲಿ ಮುದಿ ಎತ್ತಿನ ಗೊರಸಿನ ಬಲದ ಬಗ್ಗೆ ಒಂದು ಗಾದೆಯ ಗುದ್ದೂ ಇದೆ. ವರ್ಷಗಳ ಕಾಲ ಪತ್ರಗಳು ಮೆಡಿಟರೇನಿಯನ್ ದಾಟಿ ಹೋಗಿಬಂದವು. 5ನೆಯ ಶತಮಾನದ ಆರಂಭದ ಒಂದು ದೀರ್ಘ ಪತ್ರದಲ್ಲಿ ಅಗಸ್ಟೀನ ಎತ್ತಿ ಹಿಡಿಯುವುದು ಪೌಲನ ಧೈರ್ಯಕ್ಕಿಂತ ಹೆಚ್ಚಾಗಿ ಪೇತ್ರನ ಆ ಮೌನವನ್ನು: ತನಗಿಂತ ತಡವಾಗಿ ಬಂದವನು ತಿದ್ದಿದಾಗ ಹಿರಿಯ ಅಪೊಸ್ತಲ ತಿದ್ದಿಕೊಂಡ, ಮುಂದೆ ಬರುವವರಿಗೆ ಅದೇ ಅಪರೂಪದ ಮಾದರಿ ಎಂದು. ಕೊನೆಗೆ ಜೆರೋಮನೂ ತನ್ನ ಅಭಿಪ್ರಾಯಕ್ಕೆ ಬಂದನೆಂದು ಅಗಸ್ಟೀನ ಇನ್ನಾರಿಗೋ ಬರೆದ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾನೆ.

ಆ ಹಿಂತೆಗೆತವನ್ನು ಅವನು ತನ್ನ ಮೇಲೂ ಪ್ರಯೋಗಿಸಿಕೊಂಡ. 427ರ ಸುಮಾರಿಗೆ, ಎಪ್ಪತ್ತು ದಾಟಿದ ಮುದುಕ, ತಾನು ಬರೆದ 93 ಕೃತಿಗಳನ್ನು ಕಾಲಾನುಕ್ರಮವಾಗಿ ಮುಂದಿಟ್ಟುಕೊಂಡು, ಇಲ್ಲಿ ಹೀಗೆನ್ನಬಾರದಿತ್ತು, ಇಲ್ಲಿ ಅಜಾಗರೂಕತೆಯಾಯಿತು, ಇದನ್ನು ಹೀಗೆ ಓದಿಕೊಳ್ಳಿ ಎಂದು ಒಂದೊಂದಕ್ಕೂ ತಿದ್ದೋಲೆ ಬರೆದ. ಆ ಗ್ರಂಥದ ಹೆಸರು ‘ರೆತ್ರಕ್ತಾತ್ಸಿಯೊನೆಸ್’, ಪದಶಃ ಮತ್ತೆ ಕೈಗೆತ್ತಿಕೊಳ್ಳುವುದು. ಹಳೆಯ ಪುಸ್ತಕಗಳನ್ನು ಅವನು ಅಳಿಸಲಿಲ್ಲ, ಹಿಂದಕ್ಕೆ ಪಡೆಯಲೂ ಇಲ್ಲ. ಗೆರೆ ಇದ್ದಲ್ಲೇ ಇತ್ತು, ಮೇಲೆ ಇನ್ನೊಂದು ಎಳೆದ. ಇದಾದ ಮೇಲೆ ಪತ್ರಗಳನ್ನೂ ಪ್ರವಚನಗಳನ್ನೂ ಹೀಗೆಯೇ ನೋಡಬೇಕೆಂದಿದ್ದ. ಅಷ್ಟರಲ್ಲಿ ವ್ಯಾಂಡಲರು ಬಂದು ಹಿಪ್ಪೋಗೆ ಮುತ್ತಿಗೆ ಹಾಕಿದರು. 430ರ ಆಗಸ್ಟ್‌ನಲ್ಲಿ ಅವನು ತೀರಿಕೊಂಡ. ಪತ್ರಗಳು ತಿದ್ದದೆ ಉಳಿದವು, ಜೆರೋಮನಿಗೆ ಬರೆದವೂ ಸೇರಿ.